ಅವರಿಗೆ ನನ್ನ ಕೈ ಮಾತ್ರ ಬೇಕಾಗಿತ್ತು

ಹಳೆಯ ಕಾದಂಬರಿಯನ್ನು ಯಾರಾದರೂ ಸಿನಿಮಾ ಮಾಡಿದರೆ ನಾನು ಬಿಡುವವಳಲ್ಲ. ಸಂಸ್ಥಾನದ ಕಾಲದ ಒಂದು ಪಡಸಾಲೆ, ಕಂದೀಲಿನ ಬೆಳಕು, ಕಿಟಕಿಯ ಪಕ್ಕ ಕೂತು ಏನನ್ನೋ ಯೋಚಿಸುವ ಒಬ್ಬ ಹೆಂಗಸು, ಹೊರಗೆ ಎಲ್ಲೋ ಚಕ್ಕಡಿಯ ಸಪ್ಪಳ. ಇಷ್ಟಿದ್ದರೆ ಕೈಯಲ್ಲಿನ ಚಹಾ ಆರಿದ್ದೂ ನನಗೆ ತಿಳಿಯುವುದಿಲ್ಲ. ಜಮಖಂಡಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಓದಿದ ಪುಸ್ತಕವನ್ನು ಪರದೆಯ ಮೇಲೆ ನೋಡಿ ತಪ್ಪು ಹುಡುಕುವುದು ನನ್ನ ಚಟ ಎಂದು ನಮ್ಮವರು ಕಾಡುತ್ತಾರೆ. ಅವರು ಬಸ್ಸಿನ ಡ್ರೈವರ್ ಆಗಿದ್ದವರು, ಈಗ ನಿವೃತ್ತರು. ಇಂಥ ಸಿನಿಮಾ ಅವರ ಪಾಲಿಗೆ ನಿದ್ದೆಯ ಗುಳಿಗೆ.

"ಇದರಾಗ ಏನೂ ಆಗೂದ ಇಲ್ಲಲಾ ಬೇ. ಆಕಿ ಕಿಟಕ್ಯಾಗಿಂದ ಹೊರಗ ನೋಡಾಕತ್ತಾಳು, ನಾವು ಆಕೀನ ನೋಡಾಕತ್ತೇವಿ. ಹೊರಗ ಏನೈತಿ ಅಂತ ಒಬ್ಬಾಂವರೆ ತೋರಸ್ತಾನೇನು?" ಎಂದು ಗೊಣಗಿ, ದಿಂಬಿಗೆ ತಲೆ ಕೊಟ್ಟು, ಎರಡನೆಯ ದೃಶ್ಯಕ್ಕೆ ಗೊರಕೆ ಹೊಡೆಯುತ್ತಿದ್ದರು. ಆ ಗೊರಕೆಯನ್ನು ನಾನು ಮದುವೆಯಾದಂದಿನಿಂದ ಬೈಯುತ್ತ ಬಂದವಳು.

ಬಾಗಲಕೋಟೆಯ ಡಾಕ್ಟರು ಅವರ ಎದೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ ತೋರಿಸಿದ ದಿನದಿಂದ ಅದೇ ಗೊರಕೆಗೆ ಕಿವಿಯಿಟ್ಟು ಬದುಕತೊಡಗಿದೆ. ರಕ್ತ ಹರಿಯುವ ದಾರಿಗಳು ಮೂರು ಕಡೆ ಕಟ್ಟಿಕೊಂಡಿವೆ, ಎದೆ ತೆರೆದು ಆಪರೇಶನ್ ಮಾಡಬೇಕು, ತಡ ಮಾಡಬೇಡಿ ಎಂದು ಡಾಕ್ಟರು ನಿಧಾನವಾಗಿ, ಎರಡು ಸಲ ಹೇಳಿದ್ದರು. ರವಿವಾರ ಮಧ್ಯಾಹ್ನ ಸಿನಿಮಾ ಹಚ್ಚಿದರೆ, ಪರದೆಯ ಮೇಲೆ ಮಾತು ನಿಂತಾಗ, ಹಿಂದೆ ನಾನೂ ಆ ಮೌನದೊಳಗೆ ಇಳಿದುಬಿಡುತ್ತಿದ್ದೆ. ಈಗ ಮೌನ ಬಂತೆಂದರೆ ಹೆದರಿಕೆ. ರಿಮೋಟ್ ಒತ್ತಿ ಸಿನಿಮಾ ನಿಲ್ಲಿಸಿ, ಇವರ ಹೊಟ್ಟೆ ಏರಿಳಿಯುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡುತ್ತೇನೆ. ಅವರಿಗೆ ನನ್ನ ನೆರಳು ಗೊತ್ತಾಗುತ್ತದೆ. "ಅದೇನಿ ಬೇ, ಜೀವಂತ ಅದೇನಿ. ನಿನ್ನ ಸಿನಿಮಾ ನೋಡ ಸುಮ್ಕ" ಎಂದು ಕಣ್ಣು ತೆರೆಯದೆ ಹೇಳುತ್ತಾರೆ.

ಆಪರೇಶನ್ ಮಾತು ಎತ್ತಿದರೆ ಮಾತ್ರ ಈ ಮನುಷ್ಯ ಕೈಗೆ ಸಿಗುವುದಿಲ್ಲ. ಸಾವಳಗಿಯ ಹೊಲದ ಕಬ್ಬು ಕಾರ್ಖಾನೆಗೆ ಹೋಗಲಿ ಎಂದರು. ಹೋಯಿತು. ಮುಧೋಳದಲ್ಲಿರುವ ಮಗಳ ಬಾಣಂತನ ಮುಗಿಯಲಿ ಎಂದರು. ಮುಗಿಯಿತು. ಬಿಸಿಲು ಇಳಿಯಲಿ ಎಂದರು. ಕೊನೆಗೆ ಕಾರಣ ಹೇಳುವುದನ್ನೂ ಬಿಟ್ಟು, "ವಾಯು ಐತಿ, ಡಾಕ್ಟರಗ ಗೊತ್ತಾಗಿಲ್ಲ" ಎಂದು ಸೋಡಾ ಕುಡಿದು ತೇಗು ತರಿಸಿಕೊಂಡು ನನಗೆ ಸಾಕ್ಷಿ ತೋರಿಸಿದರು. ಬೀಳಗಿಯ ತಿರುವುಗಳಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳ ಸಂದಿಯಲ್ಲಿ, ಬಸ್ಸು ತುಂಬ ಜನ ಕೂಡಿಸಿಕೊಂಡು ವರ್ಷಗಟ್ಟಲೆ ಓಡಾಡಿದ ಮನುಷ್ಯ. ಇವರಿಗೆ ಅಂಜಿಕೆ ಎಂಬುದು ಗೊತ್ತೇ ಇಲ್ಲ ಎಂದು ನಾನು ತಿಳಿದಿದ್ದೆ. ಆ ಧೈರ್ಯವೇ ಇವರನ್ನು ತಿಂದುಹಾಕುತ್ತದೆ ಎಂದು ನನಗೆ ಸಿಟ್ಟು ಬರುತ್ತಿತ್ತು, ಸಿಟ್ಟಿನ ಕೆಳಗೆ ಹೆದರಿಕೆ ಇರುತ್ತಿತ್ತು.

ನಮ್ಮಲ್ಲಿ ಒಂದು ಮುಧೋಳ ನಾಯಿ ಇದೆ, ಬೆಳಿಗ್ಗೆ ಇವರ ಜೊತೆ ಕಾಲುವೆಯ ದಾರಿಗೆ ತಿರುಗಾಡಲು ಹೋಗುತ್ತದೆ. ಒಂದು ದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ ನಾಯಿ ಒಂದೇ ಬಂತು. ಹಗ್ಗ ನೆಲಕ್ಕೆ ಎಳೆದುಕೊಂಡು ಅಂಗಳದಲ್ಲಿ ನಿಂತು ನನ್ನ ಮುಖ ನೋಡಿತು. ಹಿಟ್ಟು ಮೆತ್ತಿದ ಕೈಯಲ್ಲೇ ಓಡಿದೆ. ಅವರು ಕಾಲುವೆಯ ಕಟ್ಟೆಯ ಮೇಲೆ ಕೂತಿದ್ದರು. ಒಂದು ಕೈ ಎದೆಯ ಮೇಲಿತ್ತು, ಅಂಗಿ ಬೆವರಿನಿಂದ ತೊಯ್ದಿತ್ತು. ನನ್ನನ್ನು ಕಂಡವರೇ ಕೈ ಕೆಳಗಿಳಿಸಿ, "ನಾಯಿ ಬಾಳ ಜಗ್ಗತೈತಿ ಬೇ. ಬಿಟ್ಟ ಕೂತೆ" ಎಂದರು. ನಾನು ಅಲ್ಲೇ, ಹೊಲಕ್ಕೆ ಹೋಗುವವರ ಎದುರಿಗೇ, ಜೋರಾಗಿ ಅತ್ತೆ. ಅವರು ನನ್ನನ್ನು ಸಮಾಧಾನ ಮಾಡಿದರೇ ಹೊರತು ಬಾಗಲಕೋಟೆಗೆ ಹೋಗೋಣ ಎನ್ನಲಿಲ್ಲ.

ಇಂಥ ದಿನಗಳಲ್ಲಿ ಸಿನಿಮಾದವರು ಬಂದರು. ಅವರು ತೆಗೆಯುತ್ತಿದ್ದುದು ನಾನು ಕಾಲೇಜಿನಲ್ಲಿ ಓದಿ ಮನಸ್ಸಿಗೆ ಹಚ್ಚಿಕೊಂಡ ಒಂದು ಕಾದಂಬರಿಯನ್ನು. ಸಂಸ್ಥಾನದ ಕಾಲದ ನೇಕಾರರ ಮನೆಯ ಕತೆ. ಗಂಡ ಸಾಯುತ್ತಾನೆ; ಅರ್ಧ ನೇಯ್ದ ಸೀರೆ ಮಗ್ಗದ ಮೇಲೆ ಉಳಿಯುತ್ತದೆ; ಹೆಂಡತಿ ಮಗ್ಗದ ಕುಣಿಗೆ ಇಳಿದು ಅದನ್ನು ಮುಗಿಸುತ್ತಾಳೆ. ಕತೆ ಅಷ್ಟೇ. ಆದರೆ ಆಕೆ ನೇಯುತ್ತ ಕೂತ ಆ ಒಂದು ಬೆಳಗು ಪುಸ್ತಕದಲ್ಲಿ ಪುಟಗಟ್ಟಲೆ ಹಬ್ಬಿದೆ, ಅಲ್ಲಿ ಯಾರೂ ಒಂದು ಮಾತೂ ಆಡುವುದಿಲ್ಲ. ಇದನ್ನು ಸಿನಿಮಾ ಮಾಡುವುದೆಂದರೆ ಗಾಳಿಯನ್ನು ಗಂಟು ಕಟ್ಟಿದಂತೆ ಎಂದು ನಾನು ಸ್ಟಾಫ್ ರೂಮಿನಲ್ಲಿ ಭಾಷಣ ಮಾಡಿದೆ. ಮರುದಿನವೇ ಡೈರೆಕ್ಟರು ನಮ್ಮ ಸಾಲೆಗೆ ಬಂದು, ನಾಯಕಿಗೆ ಈ ಕಡೆಯ ಮಾತು ಕಲಿಸಿಕೊಡಿ ಎಂದು ಕೇಳಿದರು. ಮೈಸೂರು ಕಡೆಯವರು, ಸಣಕಲು ಮೈ, ಮೆಲುದನಿ. ಆ ಪುಸ್ತಕವನ್ನು ನನಗಿಂತ ಹೆಚ್ಚು ಸಲ ಓದಿದ್ದರು. ಅದರಿಂದ ನನಗೆ ಸ್ವಲ್ಪ ಹೊಟ್ಟೆಕಿಚ್ಚಾದದ್ದೂ ನಿಜ.

ಮಾತು ಕಲಿಸುವುದು ಕಷ್ಟವಾಗಲಿಲ್ಲ. ಹುಡುಗಿ ಬೆಂಗಳೂರಿನವಳು, ಒಳ್ಳೆಯವಳು. "ಮಾಡ್ತಾ ಇದೀನಿ" ಎಂದು ಶುರುಮಾಡಿ ವಾರದೊಳಗೆ "ಮಾಡಾಕತ್ತೇನ್ರಿ" ಎನ್ನುವಷ್ಟಾದಳು. "ಖರೆ ಹೇಳ್ರಿ ಟೀಚರ್, ಛಲೋ ಆತೇನು?" ಎಂದು ನನ್ನನ್ನೇ ಅಣಕಿಸುತ್ತಿದ್ದಳು. ಸೋತದ್ದು ಅವಳ ಕೈ. ಚಿತ್ರೀಕರಣಕ್ಕೆ ಗೊತ್ತುಮಾಡಿದ್ದು ಬನಹಟ್ಟಿಯಲ್ಲಿ, ನನ್ನ ತವರಿನ ಓಣಿಯಲ್ಲೇ, ಇನ್ನೂ ಕುಣಿಮಗ್ಗ ಉಳಿಸಿಕೊಂಡ ಒಂದು ಮನೆಯಲ್ಲಿ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು, ಕೈಯಿಂದ ಲಾಳಿ ಎಸೆದು ನೇಯುವ ಹಳೆಯ ಮಗ್ಗ. ಹುಡುಗಿ ಲಾಳಿ ಎಸೆದರೆ ಅದು ಹಾಸಿನ ಎಳೆಗಳ ನಡುವೆ ಸಿಕ್ಕಿಬೀಳುತ್ತಿತ್ತು, ಇಲ್ಲವೆ ಆಚೆ ಹಾರಿ ಲೈಟಿನವನ ಕಾಲಿಗೆ ಬಡಿಯುತ್ತಿತ್ತು. ನಾನು ತಡೆಯಲಾರದೆ, "ಅತ್ತಾಗ ಸರಿ" ಎಂದು ಕುಣಿಗೆ ಇಳಿದು ತೋರಿಸಿದೆ. ಹುಡುಗಿಯಾಗಿದ್ದಾಗ ಅಜ್ಜಿ ಕಲಿಸಿದ್ದು, ಕೈ ಮರೆತಿರಲಿಲ್ಲ.

ಡೈರೆಕ್ಟರು ಬಹಳ ಹೊತ್ತು ನೋಡುತ್ತ ನಿಂತರು. "ಮೇಡಂ, ನಾಳಿದ್ದು ಆ ದೃಶ್ಯ ತೆಗೀತಾ ಇದೀವಿ. ಅಷ್ಟೂ ಪುಟ. ಅವಳ ಯೋಚನೆಯನ್ನ ನಾನು ಮಾತಲ್ಲಿ ಹೇಳಿಸಲ್ಲ, ಹಿನ್ನೆಲೆಯಲ್ಲಿ ಧ್ವನಿಯನ್ನೂ ಹಾಕಲ್ಲ. ಕೈ ಮಾತ್ರ ತೋರಿಸ್ತೀನಿ. ಆ ಕೈ ನಿಮ್ಮದಾಗಿರಲಿ" ಎಂದರು. ನನಗೆ ಹಿಗ್ಗೋ ಹಿಗ್ಗು. ಅಷ್ಟು ವರ್ಷ ಮಕ್ಕಳಿಗೆ ಓದಿ ಹೇಳಿದ ಪುಟಗಳ ಒಳಗೆ ನನ್ನ ಕೈ ಹೋಗುತ್ತದೆ ಎಂದು ಒಪ್ಪಿಕೊಂಡೆ. ದೃಶ್ಯದಲ್ಲಿ ಆಕೆ ವಿಧವೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದು ಪುಸ್ತಕದ ಸಂಗತಿಯಾಗಿ ಗೊತ್ತಿತ್ತೇ ವಿನಾ ನನ್ನ ಮೈಗೆ ಸಂಬಂಧಿಸಿದ್ದೆಂದು ಹೊಳೆದಿರಲಿಲ್ಲ.

ಆ ದಿನ ಬೆಳಿಗ್ಗೆ ಮನೆಯಲ್ಲಿ ಜಗಳವಾಯಿತು. ಬಾಗಲಕೋಟೆಯಿಂದ ಫೋನ್ ಬಂದಿತ್ತು, ದಿನ ಗೊತ್ತುಮಾಡಲೇ ಎಂದು ಕೇಳಿದ್ದರು. ನಮ್ಮವರು ಫೋನ್ ಇಸಿದುಕೊಂಡು, "ಈಗ ಬ್ಯಾಡ್ರಿ, ನಾವ ಹೇಳತೇವಿ" ಎಂದು ಇಟ್ಟುಬಿಟ್ಟರು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ.

"ನಿಮಗ ನಿಮ್ಮ ಜೀವದ ಕಿಮ್ಮತ್ತಿಲ್ಲ, ಇರಲಿ. ನನ್ನ ಜೀವದ್ದರೆ ಐತೋ ಇಲ್ಲೋ?"

"ಸಾಯಾಕ ಏನ ಅವಸರ ಐತಿ ನನಗ? ನೀ ಹೋಗ ನಿನ್ನ ಶೂಟಿಂಗಿಗೆ. ನಾ ಹಿಂದಿಂದ ಬರತೇನಿ, ನಿನ್ನ ಕೈ ಎಷ್ಟ ಛಂದ ಕಾಣತಾವ ನೋಡೂಣು" ಎಂದು ನಕ್ಕರು.

ಸ್ಕೂಟರ್ ನಾನು ತೆಗೆದುಕೊಂಡು ಹೋಗುತ್ತೇನೆ, ನೀವು ಬರುವುದಾದರೆ ಬಸ್ಸಿಗೆ ಬನ್ನಿ ಎಂದು ಹೇಳಿ ಹೊರಟೆ. ದಾರಿಯುದ್ದಕ್ಕೂ ಸಿಟ್ಟಿನಿಂದ ಕಣ್ಣು ಉರಿಯುತ್ತಿತ್ತು.

ಬನಹಟ್ಟಿಯಲ್ಲಿ ಹುಟ್ಟಿದವರಿಗೆ ಮಗ್ಗದ ಸಪ್ಪಳ ಕೇಳಿಸುವುದಿಲ್ಲ. ನಿಂತರೆ ಮಾತ್ರ ಕೇಳಿಸುತ್ತದೆ. ಓಣಿಯ ಮನೆಮನೆಯಲ್ಲೂ ಪವರ್‌ಲೂಮು ಖಟಖಟ ಎನ್ನುತ್ತಿರುತ್ತದೆ. ಸಿನಿಮಾದ ಕಾಲಕ್ಕೆ ಪವರ್‌ಲೂಮ್ ಎಲ್ಲಿಂದ ಬರಬೇಕು? ಹಾಗಾಗಿ ಸಿನಿಮಾದವರು ಮನೆಮನೆಗೆ ಹೋಗಿ ಕೈಮುಗಿದು ಒಪ್ಪಿಸಿದ್ದರು. ಹತ್ತು ಗಂಟೆಯ ಹೊತ್ತಿಗೆ ಒಂದೊಂದಾಗಿ ಎಲ್ಲ ಮಗ್ಗ ನಿಂತವು. ಕರೆಂಟು ಇದ್ದೂ ಹಗಲಲ್ಲಿ ಇಡೀ ಓಣಿ ನಿಲ್ಲುವುದು ನಮ್ಮಲ್ಲಿ ಒಂದೇ ಕಾರಣಕ್ಕೆ. ಅತ್ತಕಡೆಯ ಮನೆಯಿಂದ ಒಬ್ಬ ಮುದುಕಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ನನ್ನನ್ನು ಸಣ್ಣವಳಿದ್ದಾಗಿನಿಂದ ಕಂಡವಳು. ಕಣ್ಣು ಮಂಜಾಗಿತ್ತು, ನನ್ನ ಮುಖಕ್ಕೆ ಮುಖ ತಂದು ಕೇಳಿದಳು: "ಮಗ್ಗಾ ನಿಂತಾವಲ್ಲವಾ. ಯಾರ ಹ್ವಾದ್ರು?"

"ಯಾರೂ ಹೋಗಿಲ್ಲ ಅಜ್ಜಿ, ಸಿನಿಮಾ ತಗ್ಯಾಕತ್ತಾರ" ಎಂದೆ. ಆಕೆಗೆ ಅರ್ಥವಾಗಲಿಲ್ಲ. "ನಿಮ್ಮ ಮನ್ಯಾಗ ಎಲ್ಲಾರೂ ಆರಾಮ ಅದಾರಲ್ಲ?" ಎಂದಳು. ಆರಾಮ ಇದ್ದಾರೆ ಎನ್ನಲು ನನಗೆ ಬಾಯಿ ಬರಲಿಲ್ಲ, ತಲೆ ಅಲ್ಲಾಡಿಸಿ ಒಳಗೆ ಹೋದೆ.

ಒಳಗೆ ಉಡುಗೆಯ ಕೆಲಸದ ಹುಡುಗಿ ಒಂದು ಬಟ್ಟಲಲ್ಲಿ ಸೋಪಿನ ನೀರು ಹಿಡಿದು ಕಾದಿದ್ದಳು. "ಆಂಟಿ, ಬಳೆ ತೆಗೀಬೇಕು" ಎಂದಳು. ನಾನು ಅವಳ ಮುಖ ನೋಡಿದೆ. ನನ್ನ ಎರಡೂ ಕೈಯಲ್ಲಿ ಹಸಿರು ಗಾಜಿನ ಬಳೆ. ಕೊರಳಿನದು ಕ್ಯಾಮೆರಾಕ್ಕೆ ಕಾಣುವುದಿಲ್ಲ, ಅದು ಇರಲಿ, ಕೈ ಮಾತ್ರ ಪೂರ್ತಿ ಬರಿದಾಗಬೇಕು ಎಂದು ಅವಳು ವಿವರಿಸಿದಳು.

ನಮ್ಮ ಕಡೆ ಬಳೆಗಾರ ಹಳೆಯ ಬಳೆ ತೆಗೆಯುವಾಗ ಒಂದನ್ನು ಕೈಯಲ್ಲೇ ಬಿಡುತ್ತಾನೆ. ಹೊಸದು ಏರಿದ ಮೇಲೆಯೇ ಅದು ಇಳಿಯಬೇಕು. ಅದೂ ಆಗದಿದ್ದರೆ ಸೆರಗಿನ ತುದಿಯನ್ನಾದರೂ ಮಣಿಕಟ್ಟಿಗೆ ಸುತ್ತುತ್ತೇವೆ. ಗಂಡ ಇದ್ದವಳ ಕೈ ಗಳಿಗೆ ಹೊತ್ತೂ ಬರಿದಾಗಬಾರದು. ಬಳೆ ಒಡೆದರೆ ಒಡೆಯಿತು ಎನ್ನುವುದಿಲ್ಲ, ಹೆಚ್ಚಿತು ಎನ್ನುತ್ತೇವೆ. ಇದೆಲ್ಲ ಮೂಢನಂಬಿಕೆ ಎಂದು ನಾನು ಕ್ಲಾಸಿನಲ್ಲಿ ಹೇಳಿದ್ದೇನೆ, ಗಂಡಸರ ಕೈಗಿಲ್ಲದ ಕಟ್ಟು ಹೆಂಗಸರ ಕೈಗೇಕೆ ಎಂದು ವೇದಿಕೆ ಹತ್ತಿಯೂ ಮಾತಾಡಿ ಚಪ್ಪಾಳೆ ಹೊಡೆಸಿಕೊಂಡಿದ್ದೇನೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಬಟ್ಟಲಿನ ಸೋಪಿನ ನೀರು ನೋಡುತ್ತಿದ್ದಂತೆ ನನ್ನ ಕೈ ತಾನಾಗಿ ಸೆರಗಿನೊಳಗೆ ಹೋಯಿತು.

ಡೈರೆಕ್ಟರು ಬಂದರು. ನನ್ನ ಮುಖ ನೋಡಿ ಅವರಿಗೆ ತಿಳಿಯಿತು. "ಬೇಡ ಅನ್ಸಿದ್ರೆ ಬೇಡ ಮೇಡಂ. ಬೇರೆ ಏನಾದ್ರೂ ಮಾಡೋಣ" ಎಂದರು. ಅವರು ಒತ್ತಾಯ ಮಾಡಿದ್ದರೆ ನಾನು ಎದ್ದುಹೋಗುತ್ತಿದ್ದೆ. ಮಾಡಲಿಲ್ಲ. ಆಗ ಬೆಳಗಿನ ಆ ಫೋನು ನೆನಪಾಯಿತು. ಈಗ ಬ್ಯಾಡ್ರಿ ಎಂದು ನಕ್ಕು ಇಟ್ಟದ್ದು. ಅವರಿಗೇ ಇಲ್ಲದ ಹೆದರಿಕೆಯನ್ನು ನಾನೊಬ್ಬಳು ಎಷ್ಟು ದಿನ ಹೊರಲಿ? ಅವರು ಸಾಯಲು ಅಂಜುವುದಿಲ್ಲವಾದರೆ ನಾನು ನಾಲ್ಕು ಗಾಜಿನ ಬಳೆಗೆ ಏಕೆ ಅಂಜಲಿ? ಸಿಟ್ಟು ನೆತ್ತಿಗೇರಿತು. ಹುಡುಗಿಯ ಮುಂದೆ ಕೈ ಚಾಚಿ "ತಗೀರಿ" ಎಂದೆ.

ಸೋಪಿನ ನೀರಿಗೆ ಬಳೆಗಳು ಸರಸರ ಜಾರಿದವು. ಎಡಗೈ ಆಯಿತು. ಬಲಗೈಯ ಕೊನೆಯ ಬಳೆ ಗೆಣ್ಣಿನ ಹತ್ತಿರ ಸ್ವಲ್ಪ ಹಿಡಿಯಿತು, ಹುಡುಗಿ ಒತ್ತಿದಳು, ಬಂತು. ಅವಳು ಅವನ್ನೆಲ್ಲ ಒಂದು ತಟ್ಟೆಯಲ್ಲಿಟ್ಟಳು. ಆ ಕ್ಷಣಕ್ಕೆ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಕೈ ಹಗುರಾಗಿ, ಬೇರೆ ಯಾರದೋ ಕೈ ಆಯಿತು. ಇಷ್ಟು ಹೊತ್ತಿಗೆ ಅವರು ಬಸ್ ಸ್ಟ್ಯಾಂಡಿಗೆ ನಡೆದು ಬರುತ್ತಿರಬಹುದು, ಬಿಸಿಲು ಬಲಿತಿದೆ, ಎದೆಯ ಮೇಲೆ ಕೈ ಇಟ್ಟುಕೊಂಡು ಎಲ್ಲೋ ಕೂತಿರಬಹುದು ಎಂದು ಒಂದರ ಹಿಂದೊಂದು ಚಿತ್ರ ಕಣ್ಣಿಗೆ ಬಂತು. ಫೋನ್ ಮಾಡಬೇಕೆಂದರೆ ಸೆಟ್ಟಿನಲ್ಲಿ ಎಲ್ಲರ ಫೋನನ್ನೂ ಆರಿಸಿ ಹೊರಗಿಡಿಸಿದ್ದರು. ನನಗೆ ಎಷ್ಟು ಹೆದರಿಕೆಯಾಯಿತೆಂದರೆ, ಬೇಗ ಮುಗಿಸಿ ಬಳೆ ತೊಟ್ಟರೆ ಅವರು ಉಳಿಯುತ್ತಾರೆ ಎಂದು ಮನಸ್ಸಿನಲ್ಲೇ ದೇವರ ಜೊತೆ ಚೌಕಾಶಿ ಮಾಡಿಕೊಂಡು ಕುಣಿಗೆ ಇಳಿದೆ.

ಎಲ್ಲರೂ ಸುಮ್ಮನಾದರು. ಹೊರಗೆ ಓಣಿಯೂ ಸುಮ್ಮನಿತ್ತು. ಲಾಳಿ ಎಸೆದೆ, ಹಿಡಿದೆ, ಬಡಿದೆ. ಮತ್ತೆ ಎಸೆದೆ. ಕ್ಯಾಮೆರಾ ನನ್ನ ಮಣಿಕಟ್ಟಿನ ಹತ್ತಿರವೇ ಇತ್ತು. ಸ್ವಲ್ಪ ಹೊತ್ತಿಗೆ ಕೈಗೆ ಲಯ ಸಿಕ್ಕಿತು. ಬಟ್ಟೆ ಒಂದೆರಡು ಬೆರಳು ಬೆಳೆಯಿತು. ಆಮೇಲೆ ನನ್ನ ಎಡಗೈ ಬಂದು ಬಲಗೈಯ ಮಣಿಕಟ್ಟಿನಿಂದ ಮೊಳಕೈಯ ಕಡೆಗೆ ಏನನ್ನೋ ಮೇಲೆ ಸರಿಸಿತು.

ಅಲ್ಲಿ ಏನೂ ಇರಲಿಲ್ಲ. ನೇಯುವ ಹೆಂಗಸರು ಬಳೆಗಳನ್ನು ಹೀಗೆ ಮೇಲೆ ಏರಿಸಿಕೊಳ್ಳುತ್ತಾರೆ, ಇಲ್ಲದಿದ್ದರೆ ಅವು ಎಳೆಗೆ ಸಿಕ್ಕಿ ಎಳೆ ಹರಿಯುತ್ತದೆ. ಮತ್ತೆ ಜಾರಿ ಬರುತ್ತವೆ, ಮತ್ತೆ ಏರಿಸಬೇಕು. ಅಜ್ಜಿ, ಅವ್ವ, ನಾನು, ಎಲ್ಲರ ಕೈಯೂ ಅದನ್ನು ಕೇಳದೆಯೇ ಮಾಡುತ್ತದೆ. ಇಲ್ಲದ ಬಳೆಯನ್ನು ಏರಿಸಿದ ಮೇಲೆ ನನ್ನ ಬೆರಳು ಬರಿಯ ಚರ್ಮದ ಮೇಲೆ ಹಾಗೇ ನಿಂತವು. ಲಾಳಿ ಮಡಿಲಿಗೆ ಬಿತ್ತು. ಆ ಕಾದಂಬರಿಯನ್ನು ಅಷ್ಟು ಸಲ ಓದಿದವಳಿಗೆ ಆ ಹೆಂಗಸಿನ ಮನಸ್ಸಿನಲ್ಲಿ ಏನಿತ್ತೆಂದು ತಿಳಿದದ್ದು ಆಗ. ಆಕೆಗೆ ಯೋಚನೆ ಇರಲಿಲ್ಲ, ಹೆದರಿಕೆ ಇತ್ತು. ಇನ್ನು ಮುಂದಿನ ಎಲ್ಲ ಬೆಳಗುಗಳ ಹೆದರಿಕೆ.

ಬಹಳ ಹೊತ್ತಾದ ಮೇಲೆ ಡೈರೆಕ್ಟರು 'ಕಟ್' ಎಂದರು. "ಇದು ಪುಸ್ತಕದಲ್ಲಿ ಇಲ್ಲ ಮೇಡಂ" ಎಂದರು. "ಇಲ್ಲ" ಎಂದೆ. ಇನ್ನೊಂದು ಸಲ ತೆಗೆಯೋಣ ಎಂದು ಅವರು ಕೇಳಲಿಲ್ಲ, ಕೇಳಿದ್ದರೆ ನನ್ನಿಂದ ಆಗುತ್ತಲೂ ಇರಲಿಲ್ಲ. ನಾನು ತಲೆ ಎತ್ತಿದಾಗ, ಕ್ಯಾಮೆರಾ ಕಂಡದ್ದನ್ನು ತೋರಿಸಲು ಬಾಗಿಲ ಬಳಿ ಇಟ್ಟಿದ್ದ ಸಣ್ಣ ಟೀವಿಯ ಹಿಂದೆ, ಡೈರೆಕ್ಟರ ಹೆಗಲ ಮೇಲಿನಿಂದ ನಮ್ಮವರು ನಿಂತು ನೋಡುತ್ತಿದ್ದುದು ಕಂಡಿತು.

ಯಾವಾಗ ಬಂದರೋ ಗೊತ್ತಿಲ್ಲ. ಜೀವಂತ ಇದ್ದಾರಲ್ಲ ಎಂಬ ಸಮಾಧಾನ ಮೊದಲು ಬಂತು. ಆಮೇಲೆ ಅವರ ಮುಖ ನೋಡಿದೆ. ಕಾಲುವೆಯ ಕಟ್ಟೆಯ ಮೇಲೆ ನೋವಿನಲ್ಲಿ ಕೂತಾಗಲೂ ಅವರ ಮುಖ ಹಾಗಿರಲಿಲ್ಲ. ಅವರು ಯಾರನ್ನೂ ಕೇಳದೆ ಒಳಗೆ ಬಂದು, ಹುಡುಗಿಯ ಕೈಯಿಂದ ಬಳೆಯ ತಟ್ಟೆ ತೆಗೆದುಕೊಂಡು ನನ್ನ ಎದುರಿಗೆ ನೆಲದ ಮೇಲೆ ಕೂತರು. ಸ್ಟೇರಿಂಗ್ ಹಿಡಿದು ದಪ್ಪಗಾದ ಬೆರಳು. ಗಾಜಿನ ಬಳೆ ತೊಡಿಸುವುದು ಅವರಿಗೆ ಎಲ್ಲಿಂದ ಬರಬೇಕು? ಮೊದಲನೆಯದು ನನ್ನ ಗೆಣ್ಣಿಗೆ ಬಂದು ಚಟ್ ಎಂದು ಎರಡಾಯಿತು. "ಹೆಚ್ಚಿತು" ಎಂದು ನಾನೇ ಹೇಳಿದೆ. ಎರಡನೆಯದು ಏರಿತು. ಉಳಿದವನ್ನು ಆ ಮನೆಯ ಹೆಂಗಸು ಬಂದು ತೊಡಿಸಿದಳು.

ಊಟಕ್ಕೆ ಕೂಡಲಿಲ್ಲ. ಹೊರಗೆ ಬಂದಾಗ ಓಣಿಯಲ್ಲಿ ಮಗ್ಗಗಳು ಮತ್ತೆ ಶುರುವಾಗಿದ್ದವು. ಸ್ಕೂಟರ್ ನಾನು ನಡೆಸಿದೆ, ಅವರು ಹಿಂದೆ ಕೂತರು. ಮಾಮೂಲಿಯಾಗಿ ಹಿಂದೆ ಕೂತರೆ, ಬ್ರೇಕ್ ಹಿಡಿ, ಹಾರ್ನ್ ಹೊಡಿ, ಟ್ರ್ಯಾಕ್ಟರಿಗೆ ಸೈಡ್ ಕೊಡು ಎಂದು ತಲೆ ತಿನ್ನುವ ಮನುಷ್ಯ. ಅಂದು ಊರು ದಾಟಿದರೂ ಒಂದು ಶಬ್ದವಿಲ್ಲ. "ಅದೀರೇನ್ರಿ?" ಎಂದು ಕೂಗಿ ಕೇಳಿದೆ.

"ನಮ್ಮ ಅಪ್ಪ ಮಿರಜದಾಗ ನಡಕೋತ ಒಳಗ ಹ್ವಾದ" ಎಂದರು.

ನನಗೆ ಮೊದಲು ತಿಳಿಯಲಿಲ್ಲ. ಅವರು ನನ್ನ ಬೆನ್ನಿಗೆ ಹೇಳುತ್ತ ಹೋದರು. "ಹೊಟ್ಟಿ ಆಪರೇಶನ್ ಇತ್ತು. ನಕ್ಕೋತ ಹ್ವಾದ, ಹೊರಗ ಬರಲಿಲ್ಲ. ನಾ ಆಗ ನಾಕನೇತ್ತೆ. ಊರಿಗೆ ಬಂದ ಮ್ಯಾಲ ಅವ್ವನ ಬಳಿ ತಗದ್ರು, ನಾ ಮಗ್ಗಲಕ್ಕ ನಿಂತ ನೋಡಿದ್ನಿ. ಅವತ್ತಿಂದ ದವಾಖಾನಿ ಬಾಗಲಾ ಕಂಡ್ರ ನನಗ ಕಾಲ ಏಳೂದಿಲ್ಲ ಬೇ. ಕಬ್ಬ ಸುಳ್ಳ. ಬಾಣಂತನ ಸುಳ್ಳ. ವಾಯೂನೂ ಸುಳ್ಳ. ಹೆದರಿಕಿ ಖರೆ."

ಸ್ಕೂಟರನ್ನು ಕಬ್ಬಿನ ಹೊಲದ ಪಕ್ಕ ನಿಲ್ಲಿಸಿದೆ. ಆ ಅತ್ತೆಯನ್ನು ಕೊನೆಯ ತನಕ ನಾನೇ ನೋಡಿಕೊಂಡಿದ್ದೆ. ಆಕೆಯ ಬರಿಗೈಗೆ ಎಣ್ಣೆ ತಿಕ್ಕಿದ್ದೆ. ಆದರೂ ಆ ಮನುಷ್ಯನ ಒಳಗೆ ಒಬ್ಬ ನಾಲ್ಕನೆಯ ಇಯತ್ತೆಯ ಹುಡುಗ ಇನ್ನೂ ಅವ್ವನ ಮಗ್ಗುಲಲ್ಲಿ ನಿಂತಿದ್ದಾನೆ ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಸಿನಿಮಾದಲ್ಲಿ ಕಿಟಕಿಯ ಪಕ್ಕ ಕೂತ ಹೆಂಗಸಿನ ಮನಸ್ಸನ್ನು ಬಿಡಿಸಿ ಬಿಡಿಸಿ ಓದುವವಳಿಗೆ, ಪಕ್ಕದ ದಿಂಬಿನವರ ಮನಸ್ಸು ತಿಳಿಯಲಿಲ್ಲ.

"ಮತ್ತ ಯಾಕ ಹೇಳಲಿಲ್ರಿ?" ಎಂದೆ.

"ಡ್ರೈವರ್ ಅಂಜಿದ್ರ ಬಸ್ಸಿನ್ಯಾಗಿನವರ ಗತಿ ಏನು?" ಎಂದು ನಗಲು ನೋಡಿದರು, ಆಗಲಿಲ್ಲ. ನನ್ನ ಮಣಿಕಟ್ಟು ನೋಡುತ್ತ ಹೇಳಿದರು: "ಇಷ್ಟ ದಿನ ನಾ ಸಾಯತೇನಿ ಅಂತ ಹೆದರಿದ್ನಿ. ಇವತ್ತ ಆ ಟೀವ್ಯಾಗ ನಿನ್ನ ಕೈ ಕಂಡೂವು. ಇಲ್ಲದ್ದ ಬಳಿ ಸರಸಾಕತ್ತಿದ್ದೀ. ನಾ ಹ್ವಾದ ಮ್ಯಾಲ ದಿನಾ ಹಂಗ ಮಾಡತೀ ನೀ. ಅದು ಸಾಯೂದಕಿಂತ ದೊಡ್ಡ ಹೆದರಿಕಿ ಬೇ. ಫೋನ್ ಮಾಡ ಬಾಗಲಕೋಟಿಗೆ."

ನಾನು ರಸ್ತೆಯ ಬದಿಯಲ್ಲಿ ನಿಂತೇ ಫೋನ್ ಮಾಡಿದೆ. ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ದಾಟಿಹೋಯಿತು, ಅದು ಹೋಗುವ ತನಕ ಆ ಕಡೆಯವರು ಏನು ಹೇಳುತ್ತಿದ್ದಾರೆಂದು ಕೇಳಿಸಲಿಲ್ಲ. ಅವರು ಮುಂದಿನ ವಾರದ ದಿನ ಕೊಟ್ಟರು.

ಇಲ್ಲಿಗೆ ನನ್ನ ಹೆದರಿಕೆ ಮುಗಿಯಿತೆಂದು ಯಾರಾದರೂ ತಿಳಿದರೆ ಅವರು ಆಸ್ಪತ್ರೆ ಕಂಡವರಲ್ಲ. ಅಲ್ಲಿಯ ತನಕ ಒಪ್ಪಿರೆಂದು ಕಾಡಿದವಳು ನಾನು. ದಿನ ಗೊತ್ತಾದ ಮೇಲೆ ಬೇಡ ಎನ್ನಿಸತೊಡಗಿದ್ದು ನನಗೇ. ನಾನು ಕೈ ಬರಿದು ಮಾಡಿಕೊಂಡಿದ್ದೆ, ಇವರು ತೊಡಿಸಿದ ಮೊದಲ ಬಳೆ ಎರಡಾಗಿತ್ತು. ಈ ಎರಡನ್ನೂ ತೂಕ ಹಾಕುತ್ತ ಆ ವಾರ ಕಳೆದೆ. ಕಲಿತವಳು ಹೀಗೆಲ್ಲ ಯೋಚಿಸಬಾರದು ಎಂದು ನನಗೆ ನಾನೇ ಬೈದುಕೊಂಡೆ, ಬೈದರೂ ಹೆದರಿಕೆ ಜಗ್ಗಲಿಲ್ಲ. ಹೊರಡುವ ಹಿಂದಿನ ದಿನ ಜಮಖಂಡಿಯ ಬಜಾರಕ್ಕೆ ಹೋಗಿ ಎರಡೂ ಕೈ ತುಂಬ, ಮೊಳಕೈಯ ಹತ್ತಿರಕ್ಕೆ ಬರುವಷ್ಟು ಹಸಿರು ಬಳೆ ತೊಟ್ಟು ಬಂದೆ. ಮುಧೋಳದಿಂದ ಬಂದ ಮಗಳು ನೋಡಿ, "ಅವ್ವಾ, ಮದವಿ ಯಾರದ?" ಎಂದಳು. ನನಗೆ ನಗು ಬರಲಿಲ್ಲ.

ಬೆಳಿಗ್ಗೆ ಅವರನ್ನು ಗಾಲಿಯ ಮಂಚದ ಮೇಲೆ ಮಲಗಿಸಿ ಒಳಗೆ ಒಯ್ಯಲು ಬಂದರು. ಹಸಿರು ಗೌನು ಹಾಕಿಸಿದ್ದರು, ತಲೆಗೆ ಟೊಪ್ಪಿಗೆ. ಅಷ್ಟು ದೊಡ್ಡ ಮನುಷ್ಯ ಸಣ್ಣಗೆ ಕಾಣುತ್ತಿದ್ದರು. ನನ್ನ ಕೈ ಹಿಡಿದುಕೊಂಡರು. ಅವರ ಅಂಗೈ ತಣ್ಣಗಿತ್ತು, ಬೆವರಿತ್ತು. ಅಂಜಿದ್ದಾರೆ ಎಂದು ಅಂಗೈಯಿಂದಲೇ ತಿಳಿಯಿತು, ಇದೇ ಮೊದಲ ಸಲ ಅವರು ಅದನ್ನು ನನ್ನಿಂದ ಮುಚ್ಚಿಡಲಿಲ್ಲ.

"ಹೊರಗ ಕೂಡತೀಯಲ್ಲ?" ಎಂದರು.

"ಎಲ್ಲಿ ಹೋಗಲ್ರಿ?"

"ಸುಮ್ಕ ಕೂಡಬ್ಯಾಡ ಮತ್ತ. ಬಳಿ ಸಪ್ಪಳಾ ಮಾಡಕೋತ ಇರು. ನನಗ ಒಳಗ ಕೇಳಬೇಕು."

ಎರಡು ದಪ್ಪ ಬಾಗಿಲು, ನಡುವೆ ಉದ್ದದ ಪಡಸಾಲೆ, ಅದರ ಮೇಲೆ ಮದ್ದು ಕೊಟ್ಟು ಮಲಗಿಸಿದ ಮನುಷ್ಯ. ಕೇಳಿಸುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಬಾಗಿಲು ಮುಚ್ಚಿತು. ನಾನು ಬೆಂಚಿನ ಮೇಲೆ ಕೂತು ಕೈ ಅಲ್ಲಾಡಿಸತೊಡಗಿದೆ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಪಕ್ಕದವರು ತಿರುಗಿ ನೋಡಿದರು. ಒಬ್ಬ ನರ್ಸ್ ಬಂದು, "ಅಕ್ಕಾರ, ಪೇಶಂಟ್ ಅದಾರ, ಸಪ್ಪಳಾ ಮಾಡಬ್ಯಾಡ್ರಿ" ಎಂದು ಬೈದು ಹೋದಳು. ಮಗಳು ನಾಚಿಕೆಯಿಂದ ನನ್ನ ಕೈ ಹಿಡಿದು ನಿಲ್ಲಿಸಿದಳು. ಸಪ್ಪಳ ನಿಂತದ್ದೇ ತಡ, ಒಳಗೆ ಏನೋ ನಿಂತಿತು ಎಂದು ನನಗನ್ನಿಸಿ ಕೈ ಕೊಸರಿಕೊಂಡು ಮತ್ತೆ ಶುರುಮಾಡಿದೆ. ಬಲಗೈ ನೊಂದರೆ ಎಡಗೈ, ಎಡಗೈ ನೊಂದರೆ ಬಲಗೈ. ಆಮೇಲೆ ಮಗಳು ನನ್ನನ್ನು ತಡೆಯಲಿಲ್ಲ, ತನ್ನ ಕೈಯನ್ನೂ ಮೆಲ್ಲಗೆ ಅಲ್ಲಾಡಿಸುತ್ತ ಕೂತಳು.

ಎಷ್ಟು ಹೊತ್ತಾಯಿತೋ. ಯಾರೋ ಬಂದು ನನ್ನ ಎದುರಿಗೆ ನಿಂತಂತಾಯಿತು. ಹಸಿರು ಬಟ್ಟೆಯ ಡಾಕ್ಟರು. ಬಾಯಿ ಆಡುತ್ತಿತ್ತು, ಏನು ಹೇಳುತ್ತಿದ್ದಾರೆಂದು ಆ ಸಪ್ಪಳದಲ್ಲಿ ಕೇಳಿಸಲಿಲ್ಲ. ಕೇಳಲು ನನಗೆ ಧೈರ್ಯವೂ ಇರಲಿಲ್ಲ. ಅವರು ಬಗ್ಗಿ ನನ್ನ ಕಿವಿಯ ಹತ್ತಿರ ಬಂದರು.

"ಅಕ್ಕಾರ, ಮೊದಲ ಆ ಕೈ ನಿಲ್ಲಸ್ರಿ. ಛಲೋ ಅದಾರ ಅವರು."

ಕೇಳಿಸಿತು. ನಿಲ್ಲಿಸಬೇಕೆಂದು ನೋಡಿದೆ. ಕೈ ನಿಲ್ಲಲಿಲ್ಲ.